ವಿದ್ಯೆಗಾಗಿ ಪಡೆದ ಹಣ: ವೇತನ, ಸಾಲ, ಮುಚ್ಚಳಿಕೆ



ಊರಿನಿಂದ ಬರುವ ದೂರವಾಣಿ ಕರೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಅಣ್ಣನ ಮಗನಿಗೋ ತಂಗಿಯ ಮಗಳಿಗೋ ಇಂಗ್ಲೆಂಡಿನಲ್ಲಿ ಪ್ರವೇಶ ದೊರೆತಿದೆ. ವಿದ್ಯಾರ್ಥಿವೇತನ ಅರ್ಧದಷ್ಟು ಮಾತ್ರ. ಉಳಿದುದಕ್ಕೆ ಮನೆಯನ್ನು ಅಡವಿಟ್ಟು ಸಾಲ ಮಾಡಬಹುದೇ? ಇಲ್ಲಿ ನೆಲೆಸಿದವರೆಂಬ ಕಾರಣಕ್ಕೆ ನಮ್ಮ ಮಾತಿಗೆ ಅಲ್ಲಿ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ತೂಕವುಂಟು. ಉತ್ತರ ಕೊಡುವ ಮುನ್ನ, ನಮಗಿಂತ ಹಿಂದೆ ಸಮುದ್ರ ದಾಟಿದವರು ಹಣವನ್ನು ಎಲ್ಲಿಂದ ತಂದರು, ಅದಕ್ಕೆ ಪ್ರತಿಯಾಗಿ ಏನನ್ನು ತೆತ್ತರು ಎಂಬುದನ್ನು ನೋಡುವುದು ಉಚಿತ. ವೇತನವೆಂದರೆ ದಾನ, ಸಾಲವೆಂದರೆ ಹೊರೆ ಎಂಬ ವಾಡಿಕೆಯ ಎಣಿಕೆಯನ್ನು ಆ ಚರಿತ್ರೆ ಒಪ್ಪುವುದಿಲ್ಲ.

ಲಂಡನ್ನಿನ ಕಿಂಗ್ ಹೆನ್ರೀಸ್ ರಸ್ತೆಯ 10ನೇ ಸಂಖ್ಯೆಯ ಮನೆಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1921–22ರಲ್ಲಿ ಡಾ. ಬಿ. ಆರ್. ಅಂಬೇಡ್ಕರರು ವಾಸವಾಗಿದ್ದ ಆ ಮನೆ 2015ರಿಂದ ಸ್ಮಾರಕವಾಗಿದೆ. ಅವರ ಪರದೇಶದ ಓದಿನ ಕಥೆ ಆರಂಭವಾಗುವುದು ಒಂದು ಮುಚ್ಚಳಿಕೆಯಿಂದ. 1913ರಲ್ಲಿ ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಸರ್ಕಾರವು ಅವರಿಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಲು ಮೂರು ವರ್ಷಗಳ ಕಾಲ ತಿಂಗಳಿಗೆ ಹನ್ನೊಂದೂವರೆ ಪೌಂಡಿನ ವೇತನವನ್ನು ಮಂಜೂರು ಮಾಡಿತು. ಪೌಂಡಿಗೆ ಹದಿನೈದು ರೂಪಾಯಿಯಿದ್ದ ಅಂದಿನ ದರದಲ್ಲಿ ಅದು ಸುಮಾರು 172 ರೂಪಾಯಿ. ಪ್ರತಿಯಾಗಿ, ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆಯಲ್ಲಿರುವುದಾಗಿ ಅವರು ಬರೆದುಕೊಡಬೇಕಾಯಿತು.

ಈ ಔದಾರ್ಯವನ್ನು ಯಾರೂ ಕಡಿಮೆಯೆಂದು ಎಣಿಸಲಾರರು. ಬೇರೆ ಯಾವ ಬಾಗಿಲೂ ಅವರಿಗೆ ತೆರೆದಿರಲಿಲ್ಲ. ಆದರೆ ವೇತನಕ್ಕೊಂದು ಗಡುವಿತ್ತು. 1916ರಲ್ಲಿ ಲಂಡನ್ನಿಗೆ ಬಂದು ಗ್ರೇಸ್ ಇನ್ ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಎರಡನ್ನೂ ಸೇರಿದ್ದ ಅವರು, ವೇತನದ ಅವಧಿ ತೀರಿದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಹಿಂದಿರುಗಬೇಕಾಯಿತು. ನಾಲ್ಕು ವರ್ಷಗಳ ಒಳಗೆ ಮರಳಿ ಬಂದು ಮುಂದುವರಿಸಬಹುದೆಂಬ ಅನುಮತಿಯೊಂದೇ ಅವರ ಕೈಯಲ್ಲಿ ಉಳಿದದ್ದು. ಬೇರೆ ಹಡಗಿನಲ್ಲಿ ಕಳುಹಿಸಿದ್ದ ಪುಸ್ತಕಗಳು ಯುದ್ಧದ ದಾಳಿಯಲ್ಲಿ ಸಮುದ್ರದ ಪಾಲಾದವು.

ಮುಚ್ಚಳಿಕೆಯಂತೆ ಬರೋಡಾಕ್ಕೆ ಹೋದಾಗ ಕಂಡದ್ದೇನು? ರಾಜ್ಯದ ಹಿರಿಯ ಹುದ್ದೆ ಕಾದಿತ್ತು, ಆದರೆ ಅಸ್ಪೃಶ್ಯರೆಂಬ ಕಾರಣಕ್ಕೆ ಬಾಡಿಗೆಗೆ ಒಂದು ಕೋಣೆ ದೊರೆಯಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ತಂಗಿದ್ದ ಅವರನ್ನು ದೊಣ್ಣೆ ಹಿಡಿದು ಬಂದ ಗುಂಪೊಂದು ಹೊರಹಾಕಿತು. ಇದನ್ನು ಅವರೇ ತಮ್ಮ ಆತ್ಮಕಥನದ ಟಿಪ್ಪಣಿಗಳಲ್ಲಿ ಬರೆದಿಟ್ಟಿದ್ದಾರೆ. ಮುಚ್ಚಳಿಕೆಯಲ್ಲಿ ಹತ್ತು ವರ್ಷದ ಸೇವೆಯ ಮಾತಿತ್ತು; ಆ ಹತ್ತು ವರ್ಷ ತಲೆಯ ಮೇಲೆ ಸೂರು ಯಾರು ಕೊಡಬೇಕೆಂಬ ಮಾತು ಇರಲಿಲ್ಲ. ಇನ್ನೊಬ್ಬ ಯುವಕನಿಗೆ ಭಾಗ್ಯವೆನಿಸಬಹುದಾಗಿದ್ದ ಕರಾರು ಅವರ ಪಾಲಿಗೆ ನಡೆಸಲಾಗದ ಕರಾರಾಯಿತು.

ಮುಂದೆ ಅವರ ಓದನ್ನು ಪೂರ್ಣಗೊಳಿಸಿದ್ದು ಉಳಿತಾಯ ಮತ್ತು ಸಾಲ. ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸಂಬಳದಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಥೇನಾ ಕೊಟ್ಟ ಐದು ಸಾವಿರ ರೂಪಾಯಿ ಸಾಲ, ಇವುಗಳನ್ನು ಕೂಡಿಸಿಕೊಂಡು 1920ರಲ್ಲಿ, ನಾಲ್ಕು ವರ್ಷದ ಗಡುವು ಮೀರುವ ಮೊದಲೇ, ಮತ್ತೆ ಲಂಡನ್ನಿಗೆ ಬಂದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಸಂದಿತು. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆಯನ್ನು ಪಾಲಿಸಿದ್ದರೆ ಅವರು ಆ ಹಡಗನ್ನು ಹತ್ತುತ್ತಿರಲಿಲ್ಲ. ಗೆಳೆಯನ ಸಾಲಕ್ಕೆ ಹತ್ತು ವರ್ಷದ ದುಡಿಮೆಯ ಷರತ್ತು ಇರಲಿಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು.

ವೇತನ ಮತ್ತು ಸಾಲಗಳ ನಡುವಣ ಮೂರನೆಯ ದಾರಿಯೊಂದನ್ನು ಜಮ್ಷೆಟ್‌ಜಿ ಟಾಟಾ ಅವರು 1892ರಲ್ಲೇ ತೆರೆದಿದ್ದರು. ಅವರ ದತ್ತಿಯು ಹಣವನ್ನು ದಾನವಾಗಿ ಕೊಡಲಿಲ್ಲ, ಸಾಲವಾಗಿ ಕೊಟ್ಟಿತು. ಓದಿ ಗಳಿಸತೊಡಗಿದವನು ಹಿಂದಿರುಗಿಸಿದ ಹಣವೇ ಮುಂದಿನ ವಿದ್ಯಾರ್ಥಿಯ ಪ್ರಯಾಣಕ್ಕೆ ಒದಗುತ್ತಿತ್ತು. ತುಮಕೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಬಂದದ್ದು ಟಾಟಾ ವಿದ್ಯಾರ್ಥಿಯಾಗಿ. ಮುಂದೆ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಸ್ಕೂಲ್ ಆಫ್ ಎಕನಾಮಿಕ್ಸಿಗೆ ಬಂದದ್ದೂ ಹಾಗೆಯೇ. ನಮ್ಮ ಭಾಷೆಯಲ್ಲಿ ಸಾಲ ಬೇರೆ, ಋಣ ಬೇರೆ. ಈ ದತ್ತಿ ಎರಡನ್ನೂ ಒಂದೇ ಪತ್ರದಲ್ಲಿ ಬರೆಸಿಕೊಂಡಿತೆನ್ನಬಹುದು.

ಮೈಸೂರು ಸಂಸ್ಥಾನದ ಲೆಕ್ಕಾಚಾರ ಮತ್ತೊಂದು ಬಗೆಯದು. ಮೊದಲ ಮಹಾಯುದ್ಧದಲ್ಲಿ ಶ್ರೀಗಂಧದ ರಫ್ತು ನಿಂತಾಗ, ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಸಾಬೂನಿನ ತಂತ್ರವನ್ನು ಕಲಿತು ಬರಲು ಇಂಗ್ಲೆಂಡಿಗೆ ಕಳುಹಿಸಲಾಯಿತು. ಮೈಸೂರು ಸ್ಯಾಂಡಲ್ ಸೋಪು ಆ ವೆಚ್ಚದ ಪ್ರತಿಫಲ. ಮರಳಿ ಬರುವವನಿಗೆ ಊರಿನಲ್ಲಿ ಕೆಲಸ ಸಿದ್ಧವಾಗಿದ್ದರೆ ಮುಚ್ಚಳಿಕೆ ಯಾರಿಗೂ ಭಾರವಾಗದು.

ಕಮಲಮ್ಮ ದಾಸಪ್ಪನವರ ಮೊಮ್ಮಗಳು ರಾಜೇಶ್ವರಿಯವರ ಕಥೆಯೂ ಸ್ವಾರಸ್ಯವಾದುದು. 1946ರಲ್ಲಿ ಭಾರತ ಸರ್ಕಾರದ ವೇತನ ಪಡೆದು, ಮರುವರ್ಷ ಸೈನಿಕರನ್ನು ಸಾಗಿಸುತ್ತಿದ್ದ ಹಡಗೊಂದರಲ್ಲಿ ಒಂದು ತಿಂಗಳು ಪಯಣಿಸಿ ಅಮೆರಿಕವನ್ನು ಮುಟ್ಟಿದ ಅವರು, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯ ನಂತರ ಕರಾರಿನಂತೆ ಎಂಟು ತಿಂಗಳ ಪ್ರಾಯೋಗಿಕ ತರಬೇತಿ ಮುಗಿಸಿದರು. ಡಾಕ್ಟರೇಟಿಗೆ ನೆರವಾದದ್ದು ಪೌರ್ವಾತ್ಯ ಮಹಿಳೆಯರಿಗಾಗಿ ಅದೇ ವಿಶ್ವವಿದ್ಯಾಲಯದಲ್ಲಿದ್ದ ಬಾರ್ಬರ್ ವೇತನ. 1953ರಲ್ಲಿ ಹಿಂದಿರುಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ರಾಜೇಶ್ವರಿ ಚಟರ್ಜಿಯೆಂದು ಪ್ರಸಿದ್ಧರಾದವರು ಇವರೇ. ಒಂದು ವೇತನ ನಿಂತಲ್ಲಿ ಇನ್ನೊಂದು ಕೈಹಿಡಿಯಿತು. ಅಂಬೇಡ್ಕರರಿಗೆ 1917ರಲ್ಲಿ ಆ ಅನುಕೂಲವಿರಲಿಲ್ಲ.

ಸ್ವಾತಂತ್ರ್ಯಾನಂತರ ಫುಲ್‌ಬ್ರೈಟ್ ಮತ್ತು ಕಾಮನ್‌ವೆಲ್ತ್ ವೇತನಗಳು ಬಂದವು. ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಪಡೆದು ಇಂಡಿಯಾನಾಕ್ಕೆ ಹೋದರು. ಕಾಮನ್‌ವೆಲ್ತ್ ವೇತನದ ಮೇಲೆ ಬರ್ಮಿಂಗ್‌ಹ್ಯಾಮಿಗೆ ಬಂದ ಯು. ಆರ್. ಅನಂತಮೂರ್ತಿ, ಇಂಗ್ಲಿಷಿನ ಪ್ರೌಢಪ್ರಬಂಧದ ಜೊತೆಯಲ್ಲೇ ‘ಸಂಸ್ಕಾರ’ವನ್ನೂ ಬರೆದರು. ಬ್ರಿಟಿಷ್ ತೆರಿಗೆದಾರರು ಅರಿಯದೆಯೇ ಒಂದು ಕನ್ನಡ ಕಾದಂಬರಿಗೆ ಹಣ ತೆತ್ತರು!

ಬಾಗಿಲು ಕಿರಿದಾದದ್ದು ಅದೇ ಕಾಲದಲ್ಲಿ. 1967ರಲ್ಲಿ ಬ್ರಿಟನ್ನು ಹೊರದೇಶದ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಶುಲ್ಕವನ್ನು ವಿಧಿಸಿತು. 1980ರಿಂದ ಪೂರ್ಣ ವೆಚ್ಚವನ್ನೇ ಅವರಿಂದ ವಸೂಲು ಮಾಡತೊಡಗಿತು. ರೂಪಾಯಿಯೂ ಕುಸಿಯಿತು: ಅಂಬೇಡ್ಕರರ ಕಾಲದ ಹದಿನೈದು ರೂಪಾಯಿಯ ಪೌಂಡಿಗೆ ಇಂದು ನೂರಕ್ಕೂ ಹೆಚ್ಚು. 2001ರಲ್ಲಿ ಭಾರತೀಯ ಬ್ಯಾಂಕುಗಳ ಸಂಘವು ಮಾದರಿ ಶಿಕ್ಷಣ ಸಾಲದ ಯೋಜನೆಯೊಂದನ್ನು ರೂಪಿಸಿದ ಮೇಲೆ ಸಾಲವೇ ಮಧ್ಯಮವರ್ಗದ ಹೆದ್ದಾರಿಯಾಯಿತು.

ಇಲ್ಲಿ ಒಂದು ಮಾತಿನ ತೊಡಕಿದೆ. ಇಂಗ್ಲೆಂಡಿನಲ್ಲಿ ನಮ್ಮ ಮಕ್ಕಳು ಪಡೆಯುವ ಸರ್ಕಾರಿ ವಿದ್ಯಾರ್ಥಿಸಾಲಕ್ಕೆ ಬಡ್ಡಿಯುಂಟು. ಆದರೆ ವರಮಾನ ನಿಗದಿತ ಮಿತಿಯನ್ನು ದಾಟಿದಾಗ ಮಾತ್ರ, ದಾಟಿದ ಭಾಗದಲ್ಲಿ ನೂರಕ್ಕೆ ಒಂಬತ್ತರಂತೆ ಪದವಿಯ ಸಾಲಕ್ಕೆ ಮುರಿದುಕೊಳ್ಳುತ್ತಾರೆ. ನಿಶ್ಚಿತ ವರ್ಷಗಳ ನಂತರ ಉಳಿದುದು ಮನ್ನಾ. ಊರಿನ ಬ್ಯಾಂಕಿನ ಸಾಲ ಹಾಗಲ್ಲ. ತಂದೆತಾಯಿ ಸಹಸಾಲಗಾರರು, ದೊಡ್ಡ ಮೊತ್ತಕ್ಕೆ ಮನೆಯೋ ನಿವೇಶನವೋ ಅಡಮಾನ, ಓದಿನ ನಂತರದ ವಿರಾಮ ಕಳೆದೊಡನೆ ಕೆಲಸ ಸಿಕ್ಕರೂ ಸಿಗದಿದ್ದರೂ ಕಂತು ಕಟ್ಟಲೇಬೇಕು. ಎರಡನ್ನೂ ‘ಸಾಲ’ವೆಂದೇ ಕರೆದು, ಇಲ್ಲಿಯ ಧೈರ್ಯದಿಂದ ಅಲ್ಲಿಯವರಿಗೆ ಸಲಹೆ ಕೊಡುವುದು ಸರಿಯಲ್ಲ.

ಓದಿನ ನಂತರ ಇಲ್ಲಿ ದುಡಿಯುವ ಅವಕಾಶವನ್ನೇ ನೆಚ್ಚಿ ಸಾಲ ಮಾಡುವವರಿಗೆ ಇನ್ನೊಂದು ಸಂಗತಿ. ಆ ಅವಕಾಶವನ್ನು 2012ರಲ್ಲಿ ಮುಚ್ಚಲಾಯಿತು. 2021ರಲ್ಲಿ ಎರಡು ವರ್ಷದ ಅವಧಿಯೊಡನೆ ಮತ್ತೆ ತೆರೆಯಲಾಯಿತು. 2027ರ ಜನವರಿ 1ರಿಂದ ಅರ್ಜಿ ಸಲ್ಲಿಸುವ ಬಹುತೇಕ ಪದವೀಧರರಿಗೆ ಅದನ್ನು 18 ತಿಂಗಳಿಗೆ ಇಳಿಸುವ ನಿರ್ಧಾರ 2025ರಲ್ಲಿ ಪ್ರಕಟವಾಗಿದೆ. ಊರಿನಿಂದ ಕರೆ ಬಂದಾಗ ಶುಲ್ಕವೆಷ್ಟೆಂದು ಕೇಳುವಷ್ಟೇ ಕಾಳಜಿಯಿಂದ, ಹುಡುಗಿ ಒಂದು ವರ್ಷಕ್ಕೇ ಹಿಂದಿರುಗಿದರೆ ರೂಪಾಯಿ ಸಂಬಳದಲ್ಲಿ ಕಂತು ಕಟ್ಟಲು ಸಾಧ್ಯವೇ, ಅಡವಿಡುವ ಮನೆಯಲ್ಲಿ ಈಗ ಯಾರು ವಾಸವಾಗಿದ್ದಾರೆ ಎಂಬುದನ್ನೂ ಕೇಳೋಣ.