ಕಡವೆ ಕೊಂಬಿನ ಹಿಡಿಯ ಚಾಕು

ಕಡವೆ ಕೊಂಬಿನ ಹಿಡಿಯ ಚಾಕು ಜೇಬಿನಲ್ಲಿಟ್ಟುಕೊಳ್ಳುವ ಮಡಚು ಚಾಕಿನ ಒಂದು ಬಗೆ. ಅಲಗು ಉಕ್ಕಿನದು, ಹಿಡಿಯ ಎರಡು ಪಕ್ಕಕ್ಕೂ ಕೊಂಬಿನ ಬಿಲ್ಲೆ ಕೂರಿಸಿ ಮೊಳೆ ಬಡಿದಿರುತ್ತಾರೆ. ಇದನ್ನು ಹೆಸರಿಗೆ ತಂದ ಊರುಗಳು ಇಂಗ್ಲೆಂಡಿನ ಶೆಫೀಲ್ಡ್, ಜರ್ಮನಿಯ ಜೋಲಿಂಗೆನ್, ಅಮೆರಿಕದ ಬ್ರಾಡ್‌ಫರ್ಡ್. ಹಳೆಯ ಚಾಕುಗಳನ್ನು ಕೂಡಿಡುವವರು ಹೆಚ್ಚು ಬೆಲೆ ಕಟ್ಟುವ ಕೊಂಬು ಮಾತ್ರ ಆ ಊರುಗಳದ್ದಲ್ಲ. ಅದು ಭಾರತದ ಕಡವೆಯದು. ಮಲೆನಾಡಿನ ಶೆಟ್ಟಿಹಳ್ಳಿ, ಭದ್ರಾ ಕಾಡುಗಳಲ್ಲಿ ಇಂದಿಗೂ ಮೇಯುವ ಪ್ರಾಣಿ ಅದೇ.

ಈ ವಸ್ತುವಿನ ಚರಿತ್ರೆ ಬರೆಯಹೊರಟವರಿಗೆ ಮೊದಲ ತೊಡಕು ಹೆಸರಿನದು. ಶೆಫೀಲ್ಡಿನವರು ಇದನ್ನು ‘ಸ್ಟ್ಯಾಗ್’ ಎಂದು ಕರೆದರು. ಆ ಪದಕ್ಕೆ ಗಂಡು ಜಿಂಕೆ ಎಂಬುದಷ್ಟೇ ಅರ್ಥ. ಯಾವ ಜಾತಿಯದು, ಯಾವ ಕಾಡಿನದು ಎಂದು ಅದು ಹೇಳುವುದಿಲ್ಲ. ಕನ್ನಡದಲ್ಲಿ ಗೊಂದಲ ಇನ್ನೊಂದು ರೀತಿಯದು. ಎಮ್ಮೆ, ದನ, ಕೃಷ್ಣಮೃಗ, ಕಡವೆ ಎಲ್ಲಕ್ಕೂ ನಮ್ಮಲ್ಲಿ ‘ಕೊಂಬು’ ಅಥವಾ ‘ಕೋಡು’ ಎಂಬ ಒಂದೇ ಮಾತು. ಆದರೆ ಇವು ಎರಡು ಬೇರೆ ವಸ್ತುಗಳು. ಎಮ್ಮೆಯ ಕೋಡು ಮೂಳೆಯ ಮೇಲೆ ಬೆಳೆಯುವ ಉಗುರಿನಂಥ ಕವಚ. ಅದು ಬದುಕಿಡೀ ಇರುತ್ತದೆ, ಕವಲೊಡೆಯುವುದಿಲ್ಲ. ಕಡವೆಯ ಕೊಂಬು ಅಪ್ಪಟ ಮೂಳೆ. ಗಂಡಿಗೆ ಮಾತ್ರ ಬರುತ್ತದೆ, ಕವಲೊಡೆಯುತ್ತದೆ, ಉದುರಿ ಮತ್ತೆ ಮೂಡುತ್ತದೆ. ಮರದ ಕೊಂಬೆಗೂ ಇದಕ್ಕೂ ಹತ್ತಿರದ ಹೆಸರಿಟ್ಟವರ ಕಣ್ಣು ಚುರುಕಾಗಿಯೇ ಇತ್ತು. ಪ್ರಾಣಿಗಳ ಹೆಸರೂ ಕಲಸಿಹೋಗಿದೆ. ಮಲೆನಾಡಿನ ‘ಕಾಡುಕುರಿ’ ಕುರಿಯಲ್ಲ, ಕೊಂಬುದುರಿಸುವ ಚಿಕ್ಕ ಜಿಂಕೆ. ‘ಕೊಂಡುಕುರಿ’ಯೋ ನಾಲ್ಕು ಕೋಡಿನ ಬೇರೆಯೇ ಪ್ರಾಣಿ. ಇನ್ನು ‘ಸಾಂಬಾರ್’ ಎಂಬುದು ಉತ್ತರದಿಂದ ಬಂದ ಹೆಸರು, ಸಂಸ್ಕೃತದ ಶಂಬರದ ರೂಪ. ಊಟದ ಸಾರಿಗೂ ಅದಕ್ಕೂ ನಂಟಿಲ್ಲ. ಹೀಗಿರುವಾಗ ‘ಜಿಂಕೆ ಕೊಂಬಿನ ಹಿಡಿ’ ಎಂದಷ್ಟೇ ಬರೆದಿಟ್ಟ ಪಟ್ಟಿಯಿಂದ ಏನನ್ನೂ ಖಚಿತವಾಗಿ ಹೇಳಲಾಗದು.

ಹಾಗಾಗಿ ನೋಡಬೇಕಾದದ್ದು ವಸ್ತುವನ್ನೇ. ಕಡವೆ ಕೊಂಬಿನ ಅಡ್ಡಸೀಳಿನಲ್ಲಿ ಎರಡು ಭಾಗ ಕಾಣುತ್ತವೆ: ಹೊರಗೆ ಗಟ್ಟಿ ಗೋಡೆ, ಒಳಗೆ ಸ್ಪಂಜಿನಂಥ ತಿರುಳು. ಕಡವೆಯಲ್ಲಿ ಗೋಡೆ ದಪ್ಪ, ತಿರುಳು ಕಡಿಮೆ. ಚಾಕು ಮಾಡುವವರಿಗೆ ಬೇಕಾದದ್ದು ಇದೇ, ಏಕೆಂದರೆ ತೆಳ್ಳಗೆ ಸೀಳಿ ಮೊಳೆ ಹೊಡೆದರೂ ಬಿಲ್ಲೆ ಬಿರಿಯುವುದಿಲ್ಲ. ಮೇಲ್ಮೈ ತೊಗಟೆಯಂತೆ ಏರುತಗ್ಗು, ಉದ್ದುದ್ದ ಗೀರು. ಗೀರಿನ ಆಳದಲ್ಲಿ ಕಂದು ಬಣ್ಣ, ಏರಿನಲ್ಲಿ ಕೆನೆಬಣ್ಣ. ಬುಡದ ಬಳೆಯ ಹತ್ತಿರದ ತುಂಡುಗಳಲ್ಲಿ ಗೀರಿನ ಬದಲು ಗುಳ್ಳೆ ಗುಳ್ಳೆ. ಅಮೆರಿಕದ ಸಂಗ್ರಾಹಕರು ಅದಕ್ಕೆ ‘ಪಾಪ್‌ಕಾರ್ನ್’ ಎಂದು ಹೆಸರಿಟ್ಟು ಹೆಚ್ಚು ದುಡ್ಡು ಕೊಡುತ್ತಾರೆ. ಚುಕ್ಕೆ ಜಿಂಕೆಯ ಕೊಂಬು ಇದಕ್ಕಿಂತ ನಯ, ಸಪೂರ. ನಕಲಿ ಎಂದರೆ ಬಹುತೇಕ ದನದ ಮೂಳೆ: ಯಂತ್ರದಲ್ಲಿ ಗೀರಿ, ಬಣ್ಣ ಹಾಕಿ, ಕೊಂಬಿನ ಹಾಗೆ ಕಾಣಿಸುತ್ತಾರೆ. ಬಿಲ್ಲೆಯ ತುದಿಯಲ್ಲಿ ತಿರುಳಿನ ಸುಳಿವಿದೆಯೇ, ಗೀರುಗಳು ಒಂದೇ ಲಯದಲ್ಲಿ ಮರುಕಳಿಸುತ್ತವೆಯೇ ಎಂದು ನೋಡಿದರೆ ಸಾಮಾನ್ಯವಾಗಿ ಗುಟ್ಟು ಬಯಲಾಗುತ್ತದೆ.

ಬಿಲ್ಲೆ ಹೇಳದ ಒಂದು ಸಂಗತಿಯೂ ಇದೆ. ಇಡೀ ಕೊಂಬು ಕೈಯಲ್ಲಿದ್ದರೆ ಅದು ತಾನಾಗಿ ಉದುರಿದ್ದೋ, ಪ್ರಾಣಿಯನ್ನು ಕೊಂದು ತೆಗೆದದ್ದೋ ತಿಳಿಯುತ್ತದೆ. ಉದುರಿದ್ದರ ಬುಡ ಒರಟಾಗಿ ಉಬ್ಬಿರುತ್ತದೆ. ಕೊಂದದ್ದಕ್ಕೆ ತಲೆಬುರುಡೆಯ ಚೂರು ಅಂಟಿಕೊಂಡಿರುತ್ತದೆ ಅಥವಾ ಗರಗಸದ ಗುರುತಿರುತ್ತದೆ. ಮೂರಂಗುಲದ ಬಿಲ್ಲೆಯಾದ ಮೇಲೆ ಈ ಸಾಕ್ಷಿ ಅಳಿಸಿಹೋಗುತ್ತದೆ. ಹಳೆಯ ಚಾಕುಗಳ ಕೊಂಬೆಲ್ಲ ಕಾಡಿನಲ್ಲಿ ಹೆಕ್ಕಿದ್ದೇ ಎಂಬ ಮಾತನ್ನು ಚಾಕು ನೋಡಿ ಒಪ್ಪಲೂ ಆಗದು, ಅಲ್ಲಗಳೆಯಲೂ ಆಗದು.

ಭಾರತದಲ್ಲಿ ಹಿಡಿಗೆ ಕೊಂಬು ಬಳಸುವುದು ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ಕತ್ತಿಯ ಹಿಡಿಗೆ ಘೇಂಡಾಮೃಗದ ಮತ್ತು ಕೋಣದ ಕೋಡು, ಆನೆದಂತ, ಮರ, ಬಿದಿರಿನ ಬೇರು ಇವನ್ನು ಹೆಸರಿಸುತ್ತದೆ. ಜಿಂಕೆಯ ಕೊಂಬು ಆ ಪಟ್ಟಿಯಲ್ಲಿಲ್ಲ. 19ನೇ ಶತಮಾನದ ವಿಶಾಖಪಟ್ಟಣದ ಕುಶಲಕರ್ಮಿಗಳು ಅದನ್ನು ಹಲ್ಲೆಯಾಗಿ ಸೀಳಿ ಗಂಧದ ಪೆಟ್ಟಿಗೆಗಳಿಗೆ ಹೊದಿಸಿ ಬ್ರಿಟಿಷರಿಗೆ ಮಾರುತ್ತಿದ್ದರು. ಕೊಡಗಿನ ಪೀಚೆಕತ್ತಿ, ಒಡಿಕತ್ತಿಗಳ ಬಗ್ಗೆ ಬರಹ ಸಾಕಷ್ಟಿದೆ. 1880ರಲ್ಲಿ ಎಗರ್ಟನ್ ಪ್ರಕಟಿಸಿದ ಭಾರತೀಯ ಆಯುಧಗಳ ಪಟ್ಟಿಯಿಂದ 2004ರ ರಾಬರ್ಟ್ ಎಲ್‌ಗುಡ್‌ರ ಗ್ರಂಥದವರೆಗೆ ವಿದ್ವಾಂಸರ ಗಮನ ಯುದ್ಧ ಮತ್ತು ಪೂಜೆಯ ಆಯುಧಗಳ ಮೇಲೆಯೇ. ಎಲೆಯಡಿಕೆ ಸಂಚಿಯಲ್ಲಿದ್ದ ಅಡಕತ್ತರಿಗೂ ಆದರ ಸಿಕ್ಕಿತು. ಪುಣೆಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯದ ಅಡಕತ್ತರಿಗಳು ಪ್ರಸಿದ್ಧ. ಜೇಬಿನ ಚಾಕಿಗೆ ಆ ಭಾಗ್ಯ ಬರಲಿಲ್ಲ. ಅದು ಅಂಗಡಿಯ ಸಾಮಾನು, ವಿಲಾಯಿತಿಯ ಮಾಲು. ಅದನ್ನು ಯಾರೂ ಪರಂಪರೆ ಎಂದು ಎಣಿಸಲಿಲ್ಲ.

ಶೆಫೀಲ್ಡಿನ ಕಥೆ ಎಲ್ಲೆಡೆ ಸಿಗುತ್ತದೆ, ಇಲ್ಲಿ ಚುಟುಕಾಗಿ ಸಾಕು. ಜೋಸೆಫ್ ರಾಜರ್ಸ್ ಕಂಪನಿ 17ನೇ ಶತಮಾನದಷ್ಟು ಹಳೆಯದು. ನಕ್ಷತ್ರ ಮತ್ತು ಶಿಲುಬೆಯ ಅದರ ಗುರುತು ಭಾರತದ ಪೇಟೆಗಳಲ್ಲೂ ನಡೆಯುತ್ತಿತ್ತು. ಆನೆದಂತಕ್ಕೊಂದು, ಕೊಂಬಿಗೊಂದು ಎಂದು ಅದರ ಕಾರ್ಖಾನೆಯಲ್ಲಿ ಬೇರೆ ಬೇರೆ ಉಗ್ರಾಣಗಳಿದ್ದವು. ಕೊಂಬು ಹಡಗಿನಲ್ಲಿ ತೂಕದ ಲೆಕ್ಕದಲ್ಲಿ ಹೋಗಿ, ಚಾಕಾಗಿ ಡಜನ್ ಲೆಕ್ಕದಲ್ಲಿ ಮರಳಿತು.

ಇಲ್ಲಿಯೇ ದಾಖಲೆಯ ದೊಡ್ಡ ಖಾಲಿ ಜಾಗ. ಬೇಟೆಗಾರನ ಕೊಂಬಿಗೆ ಅಳತೆಯಿತ್ತು, ಊರಿತ್ತು, ಹೊಡೆದವನ ಹೆಸರಿತ್ತು. ಲಂಡನ್ನಿನ ರೋಲಂಡ್ ವಾರ್ಡ್ 1892ರಿಂದ ಅಂಥ ದಾಖಲೆಯನ್ನು ಪುಸ್ತಕವಾಗಿ ಹೊರತಂದ. ಮೈಸೂರಿನಲ್ಲಿ 1900ರಲ್ಲಿ ಶುರುವಾಗಿ 1999ರಲ್ಲಿ ಮುಚ್ಚಿದ ವ್ಯಾನ್ ಇಂಗೆನ್ ಸಂಸ್ಥೆ ಪ್ರಾಣಿಗಳ ಚರ್ಮ ಹದಮಾಡಿ ತಲೆ ಕೂರಿಸಿಕೊಡುವುದರಲ್ಲಿ ಜಗತ್ತಿಗೇ ಹೆಸರಾಗಿತ್ತು. ಆದರೆ ಕಾಡಿನಲ್ಲಿ ಬಿದ್ದ ಕೊಂಬನ್ನು ಮುಳ್ಳುಹಂದಿ ಸುಣ್ಣದ ಅಂಶಕ್ಕಾಗಿ ಕಡಿದು ಮುಗಿಸುವ ಮೊದಲೇ ಹೆಕ್ಕಿ ತಂದವರಿಗೆ ಯಾವ ಪುಸ್ತಕವೂ ಇರಲಿಲ್ಲ.

ಮಲೆನಾಡಿನ ಹಳೆಯ ಮನೆಗಳಲ್ಲಿ ಕಡವೆ ಕೊಂಬು ಚಾಕಿಗೆ ಹೋಗಲಿಲ್ಲ, ಜಗುಲಿಯ ಗೋಡೆಗೆ ಹೋಯಿತು: ಟೊಪ್ಪಿ, ಕೋಟು, ಕೊಡೆ ತಗುಲಿಹಾಕುವ ಗೂಟವಾಗಿ. ಇಲ್ಲಿನ ಕೆಲಸದ ಕತ್ತಿಗಳೇ ಬೇರೆ. ಅಡಿಕೆ ಸುಲಿಯುವ ಮೆಟ್ಟುಗತ್ತಿ, ಸೊಪ್ಪು ಕಡಿಯುವ ಕತ್ತಿ, ಅಡುಗೆಮನೆಯ ಈಳಿಗೆಮಣೆ; ಕುಲುಮೆಯಲ್ಲಿ ಬಡಿದ ಅಲಗಿಗೆ ಮರದ ಹಿಡಿ, ಅದೂ ಸವೆದರೆ ಬದಲಿಸುವಂಥದ್ದು. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ಇಳಿಯತೊಡಗಿದಾಗ ಕಾರ್ಖಾನೆಯ ಇದ್ದಿಲಿಗೆ ಸೌದೆ ಬಂದದ್ದು ಸುತ್ತಲಿನ ಕಾಡಿನಿಂದ. ಕಬ್ಬಿಣವೂ ಕೊಂಬೂ ಒಂದೇ ಸೀಮೆಯಲ್ಲಿದ್ದರೂ ಭದ್ರಾವತಿ ಚಾಕಿನ ಊರೆಂದು ಹೆಸರಾಗಲಿಲ್ಲ.

ಚಾಕು ಸಂಗ್ರಹ ಎಂಬ ಹವ್ಯಾಸ ಸಂಘಟಿತ ರೂಪ ಪಡೆದದ್ದು 1970ರ ಆಸುಪಾಸು, ಅಮೆರಿಕದಲ್ಲಿ. ಬ್ರಾಡ್‌ಫರ್ಡಿನ ಕೇಸ್ ಕಂಪನಿ 1970ರಲ್ಲಿ ಅಲಗಿನ ಬುಡದಲ್ಲಿ ಹತ್ತು ಚುಕ್ಕೆ ಒತ್ತಿ, ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತಾ ಬಂತು. ಚಾಕಿನ ವಯಸ್ಸು ಲೆಕ್ಕ ಹಾಕುವುದು ಆಟವಾಯಿತು. ಅದರ ಮಾದರಿ ಸಂಖ್ಯೆ 5ರಿಂದ ಶುರುವಾದರೆ ಕೊಂಬಿನ ಹಿಡಿ, 6ರಿಂದಾದರೆ ಗೀರಿದ ಮೂಳೆ. ಅಮೆರಿಕದ ರಾಷ್ಟ್ರೀಯ ಚಾಕು ಸಂಗ್ರಾಹಕರ ಸಂಘ ಹುಟ್ಟಿದ್ದು 1972ರಲ್ಲಿ.

ಭಾರತದ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1972ರದ್ದೇ. ಈ ಲೇಖನದ ಲೆಕ್ಕದಲ್ಲಿ ತಿರುವು ಎಂದರೆ ಇದು. ಶೆಫೀಲ್ಡಿನ ಯಾವ ಹೊಸ ಮಾದರಿಯೂ ಅಲ್ಲ. ಕಡವೆ ಮೊದಲು ಮೂರನೆಯ ಅನುಸೂಚಿಯಲ್ಲಿತ್ತು. ಕೊಂಬನ್ನು ಕಾಯಿದೆ ಹೆಸರು ಹಿಡಿದೇ ಹೇಳುತ್ತದೆ. ಕಾಡುಪ್ರಾಣಿಯ ಯಾವುದೇ ಭಾಗ ಬಳಸಿ ಮಾಡಿದ ವಸ್ತುವೂ ಅದರ ವ್ಯಾಪ್ತಿಗೆ ಬರುತ್ತದೆ. ಎರಡೇ ವರ್ಷದಲ್ಲಿ, 1974ರಲ್ಲಿ, ಶೆಟ್ಟಿಹಳ್ಳಿ ಮತ್ತು ಭದ್ರಾ ಅಭಯಾರಣ್ಯಗಳಾದವು. ಆದರೂ ಉದುರಿದ ಕೊಂಬಿನ ರಫ್ತು ಕೆಲಕಾಲ ನಡೆದೇ ಇತ್ತು. ಉದುರಿದ್ದರ ಹೆಸರಿನಲ್ಲಿ ಕೊಂದದ್ದೂ ಸಾಗುತ್ತದೆ ಎಂಬ ಆಕ್ಷೇಪ ಬಲವಾಯಿತು. 1990ರ ದಶಕದ ಕೊನೆಗೆ ಆ ಬಾಗಿಲೂ ಮುಚ್ಚಿತು. ವಿದೇಶದಲ್ಲಿ ಹಳೆಯ ದಾಸ್ತಾನಿನ ಬೆಲೆ ಏರಿತು. ಯುರೋಪಿನ ಕೆಂಜಿಂಕೆಯ ಕೊಂಬು, ಗೀರಿದ ಮೂಳೆ ಬದಲಿಯಾಗಿ ಬಂದವು. ಆ ಕೊಂಬಿನಲ್ಲಿ ತಿರುಳು ಹೆಚ್ಚು ಎಂಬ ಗೊಣಗಾಟವೂ ಜೊತೆಗೇ ಬಂತು. 2008ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ (ಐಯುಸಿಎನ್) ಕಡವೆಯನ್ನು ಅಪಾಯಕ್ಕೆ ಈಡಾಗಬಲ್ಲ ಪ್ರಾಣಿಗಳ ಪಟ್ಟಿಗೆ ಸೇರಿಸಿತು.

ಮನೆಗಳಲ್ಲಿ ಉಳಿದ ಹಳೆಯ ವಸ್ತುಗಳ ಪ್ರಶ್ನೆ ತೂಗಾಡುತ್ತಲೇ ಇತ್ತು. 2003ರಲ್ಲಿ ಕೇಂದ್ರ ಸರ್ಕಾರ ಅವನ್ನು ಘೋಷಿಸಿಕೊಳ್ಳಲು 180 ದಿನ ಕೊಟ್ಟಿತು. ಹಳ್ಳಿಮನೆಗಳಲ್ಲಿ ಅನೇಕರಿಗೆ ಅದರ ಸುದ್ದಿಯೇ ಮುಟ್ಟಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕನ್ನಡ ಟಿವಿ ಕಾರ್ಯಕ್ರಮವೊಂದರ ಸ್ಪರ್ಧಿಯ ಕೊರಳಲ್ಲಿ ಹುಲಿಯುಗುರು ಕಂಡು ಬಂಧನವಾದಾಗ ರಾಜ್ಯವಿಡೀ ಗಾಬರಿ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ನಿಯಮ ಹೊರಡಿಸಿ, ಮೊಕದ್ದಮೆಯ ಭಯವಿಲ್ಲದೆ ಇಂಥವನ್ನು ಅರಣ್ಯ ಇಲಾಖೆಗೆ ಒಪ್ಪಿಸಲು ಮೂರು ತಿಂಗಳ ಅವಕಾಶ ಕೊಟ್ಟಿತು. ನವುಲೆಯಿಂದಾಚೆಗೂ ಬಡಾವಣೆ ಹಬ್ಬಿರುವ ಇಂದಿನ ಶಿವಮೊಗ್ಗದಲ್ಲಿ ಜಗುಲಿಯ ಮನೆಗಳು ಕಡಿಮೆಯಾಗಿವೆ. ಗೋಡೆಯ ಕೊಂಬು ಅಟ್ಟಕ್ಕೇರಿರುತ್ತದೆ, ಅಜ್ಜನ ವಿಲಾಯಿತಿ ಚಾಕು ಮೇಜಿನ ಖಾನೆಯಲ್ಲಿರುತ್ತದೆ. ಚಾಕಿನ ಅಲಗಿಗೆ ಆಯುಧ ಕಾಯಿದೆಯ ಅಡ್ಡಿಯಿಲ್ಲ. ಅದರ ಮಿತಿ ಒಂಬತ್ತು ಅಂಗುಲ ಉದ್ದ, ಎರಡು ಅಂಗುಲ ಅಗಲ. ಅಡ್ಡಿ ಇರುವುದು ಹಿಡಿಗೆ. ಅದು ಕಡವೆಯದೋ, ಗೀರಿದ ದನದ ಮೂಳೆಯೋ ಎಂದು ಮೊದಲು ತುದಿಯ ತಿರುಳನ್ನು ನೋಡಬೇಕಾಗುತ್ತದೆ.