ಐವತ್ತು ಮಿಲಿಸೆಕೆಂಡಿನ ಕರಾರು: ದೂರದ ಆಪ್ಟಿಕಲ್ ಜಾಲಗಳಲ್ಲಿ ವಿಶ್ವಾಸಾರ್ಹತೆಯ ಮಾನಕಗಳು

ಸ್ಕಾಟ್ಲೆಂಡಿನ ಓಬನ್ನಿಂದ ನ್ಯೂಫೌಂಡ್‌ಲ್ಯಾಂಡಿನ ಕ್ಲಾರೆನ್‌ವಿಲ್‌ವರೆಗೆ 1956ರಲ್ಲಿ ಸಮುದ್ರದ ತಳದಲ್ಲಿ ಹಾಸಿದ ಟ್ಯಾಟ್-1 ತಾಮ್ರದ ಕೇಬಲ್ಲು. ಬೆಳಕಿನ ಸಂಪರ್ಕದ ಚರಿತ್ರೆಯನ್ನು ಅಲ್ಲಿಂದಲೇ ಆರಂಭಿಸಬೇಕೆಂದು ನನಗೆ ತೋರುತ್ತದೆ. ಅದು ಹೊರುತ್ತಿದ್ದದ್ದು ಮೊದಲಿಗೆ ಕೇವಲ 36 ಮಾತುಕತೆ. ಆದರೆ ನೀರಿನಡಿ ಕೆಲಸ ಮಾಡುತ್ತಿದ್ದ ಅದರ ನಿರ್ವಾತ ಕೊಳವೆಗಳಲ್ಲಿ ಒಂದೂ 1978ರವರೆಗೆ, ಅಂದರೆ 22 ವರ್ಷ, ಕೈಕೊಡಲಿಲ್ಲ. ಎಂಜಿನಿಯರುಗಳು ಹೊಸ ಕೊಳವೆಗಳನ್ನು ಬಿಟ್ಟು, ವರ್ಷಗಟ್ಟಲೆ ಉರಿಸಿ ನೋಡಿದ್ದ ಹಳೆಯ ವಿನ್ಯಾಸವನ್ನೇ ಆರಿಸಿಕೊಂಡಿದ್ದರು. ವಿಶ್ವಾಸಾರ್ಹತೆ ಎಂದರೆ ಕೆಡದ ಬಿಡಿಭಾಗ ಎಂಬುದು ಆ ಕಾಲದ ನಂಬಿಕೆ.

ಅಟ್ಲಾಂಟಿಕ್ಕಿನ ಮೊದಲ ಆಪ್ಟಿಕಲ್ ಕೇಬಲ್ಲಾದ ಟ್ಯಾಟ್-8 (1988) ಇದೇ ನಂಬಿಕೆಯ ಕೂಸು. ಸುಮಾರು 40,000 ಮಾತುಕತೆಗಳ ಭಾರ ಹೊತ್ತ ಗಾಜಿನ ಎಳೆಗಳು ಅದರವು. 25 ವರ್ಷಗಳಲ್ಲಿ ದುರಸ್ತಿಯ ಹಡಗು ಮೂರು ಸಲಕ್ಕಿಂತ ಹೆಚ್ಚು ಹೊರಡಬಾರದು ಎಂಬುದು ವಿನ್ಯಾಸದ ಗುರಿ.

ನೆಲದ ಮೇಲೆ ಈ ನಂಬಿಕೆ ನಿಲ್ಲಲಿಲ್ಲ. 1991ರ ಜನವರಿ 4ರಂದು ನ್ಯೂಜೆರ್ಸಿಯ ನೂವರ್ಕ್‌ನಲ್ಲಿ ಹಳೆಯ ಕೇಬಲ್ ತೆಗೆಯುತ್ತಿದ್ದ ಕೆಲಸಗಾರರಿಂದ, ಬಳಕೆಯಲ್ಲಿದ್ದ ಆಪ್ಟಿಕಲ್ ಕೇಬಲ್ ತುಂಡಾಯಿತು. ನ್ಯೂಯಾರ್ಕಿನ ವಿಮಾನ ನಿಲ್ದಾಣಗಳೂ ಸರಕು ವಿನಿಮಯ ಕೇಂದ್ರಗಳೂ ತೊಂದರೆಗೆ ಸಿಕ್ಕಿದವು. ತಾಮ್ರದ ಕಾಲದಲ್ಲಿ ಹಲವು ಕೇಬಲ್‌ಗಳಲ್ಲಿ ಹಂಚಿಹೋಗಿದ್ದ ಮಾತು ಈಗ ಕೂದಲೆಳೆಯಷ್ಟು ತೆಳುವಾದ ಗಾಜಿನಲ್ಲಿ ಒಟ್ಟುಗೂಡಿತ್ತು. ಗಾಜು ಎಷ್ಟೇ ಶುದ್ಧವಾಗಿರಲಿ, ಗುದ್ದಲಿಯ ಮುಂದೆ ಅದು ನಿಲ್ಲದು. ಮರುವರ್ಷ ಅಮೆರಿಕದ ಸಂಪರ್ಕ ಆಯೋಗ ದೊಡ್ಡ ವ್ಯತ್ಯಯಗಳನ್ನು ಕಂಪನಿಗಳು ವರದಿ ಮಾಡಲೇಬೇಕೆಂದು ನಿಯಮ ತಂದಿತು.

ಎಳೆ ತುಂಡಾಗುವುದಕ್ಕೆ ಬೇಕಾದ ಮದ್ದು ಅಷ್ಟರಲ್ಲೇ ಬರಹದಲ್ಲಿತ್ತು. ಆದರೆ ಅದನ್ನು ಬರೆಯಲು ಕೂತವರ ಮೊದಲ ಚಿಂತೆ ಬೇರೆಯೇ ಆಗಿತ್ತು. 1984ರಲ್ಲಿ ಅಮೆರಿಕದ ದೂರವಾಣಿಯ ದೈತ್ಯ ಬೆಲ್ ವ್ಯವಸ್ಥೆ ಒಡೆದ ಮೇಲೆ ಸ್ಥಳೀಯ ಕಂಪನಿಗಳು ದೂರದ ಕರೆಗಳ ಹಲವು ಕಂಪನಿಗಳೊಡನೆ ಜೋಡಿಕೊಳ್ಳಬೇಕಾಯಿತು. ಒಬ್ಬ ತಯಾರಕನ ಆಪ್ಟಿಕಲ್ ಪೆಟ್ಟಿಗೆಗೆ ಇನ್ನೊಬ್ಬನ ಪೆಟ್ಟಿಗೆಯ ಭಾಷೆ ತಿಳಿಯುತ್ತಿರಲಿಲ್ಲ. ಆ ಸ್ಥಳೀಯ ಕಂಪನಿಗಳ ಸಂಶೋಧನಾ ಸಂಸ್ಥೆಯಾದ ಬೆಲ್‌ಕೋರ್‌ನ ಎಂಜಿನಿಯರುಗಳು 1985ರಲ್ಲಿ ಸೋನೆಟ್ ಎಂಬ ಪ್ರಸ್ತಾವ ಮುಂದಿಟ್ಟರು. ಅದು ಅಂತರರಾಷ್ಟ್ರೀಯ ಸಮಿತಿ ಸಿಸಿಐಟಿಟಿಯ ಮುಂದೆ ಬಂದಾಗ ಬೈಟ್‌ಗಳನ್ನು ಜೋಡಿಸಿ ಕಳಿಸುವ ಚೌಕಟ್ಟಿನ ಆಕಾರದ ಬಗ್ಗೆಯೇ ಜಗ್ಗಾಟ ನಡೆಯಿತು. ಅಮೆರಿಕದವರದು 13 ಸಾಲು, 180 ಕಂಬಗಳ ಚೌಕಟ್ಟು. ಯುರೋಪಿನವರು ಕೇಳಿದ್ದು 9 ಸಾಲು, 270 ಕಂಬ. 9 ಸಾಲಿನಲ್ಲಿ ಅಮೆರಿಕದ 1.544 ಮೆಗಾಬಿಟ್ ಮೂರು ಕಂಬಗಳಲ್ಲಿ ಕೂರುತ್ತದೆ, ಯುರೋಪಿನ 2.048 ಮೆಗಾಬಿಟ್ ನಾಲ್ಕರಲ್ಲಿ; ಜಾಗ ಹೆಚ್ಚು ಪೋಲಾಗುವುದಿಲ್ಲ. ಕೊನೆಗೆ ಗೆದ್ದದ್ದು ಆ ಲೆಕ್ಕ. ಸೆಕೆಂಡಿಗೆ 8,000 ಚೌಕಟ್ಟು, ಒಂದೊಂದರಲ್ಲೂ 2,430 ಬೈಟ್: 155.52 ಮೆಗಾಬಿಟ್. ಜಗತ್ತಿನ ಬಹುಪಾಲು ಜಾಲಗಳು ಮುಂದೆ ಎಣಿಸಿದ್ದು ಈ ಸಂಖ್ಯೆಯಿಂದಲೇ. 1988ರಲ್ಲಿ ಜಿ.707, ಜಿ.708, ಜಿ.709 ಎಂಬ ಶಿಫಾರಸುಗಳಾಗಿ ಅದು ಅಂಗೀಕಾರಗೊಂಡಿತು.

ಆ ಚೌಕಟ್ಟಿನ ಮೇಲುಭಾಗದಲ್ಲಿ ಕೆ1, ಕೆ2 ಎಂಬ ಎರಡು ಬೈಟ್‌ಗಳಿವೆ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ನಿಜವಾದ ತಿರುವು ಇವೇ. ಎಳೆ ತುಂಡಾದೊಡನೆ ಎರಡೂ ತುದಿಯ ಯಂತ್ರಗಳು ಇವುಗಳ ಮೂಲಕ ಪರಸ್ಪರ ಕೇಳಿ, ಒಪ್ಪಿ, ಉಂಗುರವಾಗಿ ಜೋಡಿಸಿದ ಜಾಲದಲ್ಲಿ ಸಂಜ್ಞೆಯನ್ನು ಇನ್ನೊಂದು ದಿಕ್ಕಿಗೆ ತಿರುಗಿಸುತ್ತವೆ. ಎಳೆ ತುಂಡಾಗಿಯೇ ಆಗುತ್ತದೆ ಎಂದು ಒಪ್ಪಿಕೊಂಡು ಬರೆದ ಮಾನಕವಿದು. 1,200 ಕಿ.ಮೀ.ಗಿಂತ ಚಿಕ್ಕ ಉಂಗುರದಲ್ಲಿ, ಬೇರಾವ ಅಡಚಣೆಯೂ ಇಲ್ಲದಿದ್ದರೆ, ಈ ತಿರುವು 50 ಮಿಲಿಸೆಕೆಂಡಿನೊಳಗೆ ಮುಗಿಯಬೇಕೆಂದು ಜಿ.841 ಎಂಬ ಶಿಫಾರಸು ಹೇಳುತ್ತದೆ. ಅಷ್ಟು ದೂರ ಸಾಗಲು ಗಾಜಿನಲ್ಲಿ ಬೆಳಕಿಗೆ ಬೇಕಾದದ್ದು ಆರು ಮಿಲಿಸೆಕೆಂಡು ಮಾತ್ರ. ಉಳಿದ ಹೊತ್ತು ಯಂತ್ರಗಳ ಮಾತುಕತೆಗೆ. ಈ ಐವತ್ತನ್ನು ದೂರವಾಣಿಯ ಕಾಲದ ಬಳುವಳಿಯಾಗಿ ಓದಬೇಕು. ಅಷ್ಟು ಸಣ್ಣ ತಡೆ ಮಾತನಾಡುವವರ ಕಿವಿಗೆ ಒಂದು ಟಕ್ ಸದ್ದು. ಎರಡು ಮೂರು ಸೆಕೆಂಡಿಗೆ ಬೆಳೆದರೆ ವಿನಿಮಯ ಕೇಂದ್ರ ಆ ದಾರಿ ಸತ್ತಿತೆಂದು ಕರೆಗಳನ್ನೇ ಕಡಿದುಹಾಕುತ್ತಿತ್ತು. ಇಮೇಲಿಗೆ ಅಷ್ಟು ಅವಸರವಿಲ್ಲ, ಆದರೂ ದತ್ತಾಂಶದ ಜಾಲಗಳನ್ನು ಇಂದಿಗೂ ಅದೇ ಗಡುವಿನಿಂದ ಅಳೆಯುತ್ತಾರೆ.

ಉಂಗುರದ ಪಾಠ ಬೇಗನೆ ಕಡಲಿಗಿಳಿಯಿತು. 1996ರ ಟ್ಯಾಟ್-12/13 ಎರಡು ಕೇಬಲ್‌ಗಳು ಕೂಡಿ ಒಂದು ಉಂಗುರ. ಸಾಗರದಗಲದ ಉಂಗುರಕ್ಕೆ ನೆಲದ ಗಡುವು ಹೊಂದದ್ದರಿಂದ ಜಿ.841ರಲ್ಲಿ ಅದಕ್ಕೆಂದೇ ಬೇರೆ ಅನುಬಂಧ ಸೇರಿತು. ಕಡಲಿನಿಂದ ನೆಲಕ್ಕೆ ಹತ್ತಿದ್ದು ತಪ್ಪು ತಿದ್ದುವ ಕಲೆ. 239 ಬೈಟ್ ಮಾಹಿತಿಗೆ 16 ಬೈಟ್ ಕಾವಲು ಕೂಡಿಸಿ, ದಾರಿಯಲ್ಲಿ ಕೆಟ್ಟ ಎಂಟು ಬೈಟ್‌ಗಳವರೆಗೆ ತುದಿಯಲ್ಲೇ ಸರಿಪಡಿಸುವ ರೀಡ್-ಸಾಲೊಮನ್ ಸಂಕೇತವನ್ನು ಮೊದಲು ಮಾನಕಗೊಳಿಸಿದ್ದು ಸಮುದ್ರದ ಕೇಬಲ್‌ಗಳಿಗಾಗಿ. ನೆಲದ ಆಪ್ಟಿಕಲ್ ಸಾರಿಗೆ ಜಾಲದ ಮಾನಕ 2001ರಲ್ಲಿ ಅದನ್ನೇ ಎತ್ತಿಕೊಂಡಿತು. ಆ ಮಾನಕಕ್ಕೆ ಕೊಟ್ಟ ಸಂಖ್ಯೆ ಜಿ.709, 1988ರ ಮೂರು ಶಿಫಾರಸುಗಳನ್ನು 1996ರಲ್ಲಿ ಒಂದಾಗಿಸಿದಾಗ ಖಾಲಿಯಾಗಿ ಉಳಿದಿದ್ದ ಸಂಖ್ಯೆ ಅದು.