ಮನೆಯ ಬೆಲೆಬಾಳುವ ಕೈಗಡಿಯಾರವನ್ನು ಯಾರ ಕೈಗೆ ಕೊಡಬೇಕು?

ಹಿರಿಯರು ಬಿಟ್ಟುಹೋದ ಕೀ ಕೊಡುವ ಕೈಗಡಿಯಾರವು ನಿಂತುಹೋದಾಗ, ಅಥವಾ ಹೊರದೇಶದಲ್ಲಿ ದುಡಿದು ಬಂದ ಬಂಧುಗಳು ಉಡುಗೊರೆಯಾಗಿ ಕೊಟ್ಟ ಸ್ವಿಸ್ ಗಡಿಯಾರವು ದಿನಕ್ಕೆ ಐದು ನಿಮಿಷ ಹಿಂದೆ ಬೀಳತೊಡಗಿದಾಗ, ನೀಲಗಿರಿಯ ನಮ್ಮ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ. ಇದನ್ನು ಊಟಿಯ ಪೇಟೆಯಲ್ಲಿಯೇ ಕೊಡಬೇಕೋ, ಕೊಯಮತ್ತೂರಿಗೆ ಒಯ್ಯಬೇಕೋ, ಮೈಸೂರು ಬೆಂಗಳೂರುಗಳತ್ತ ಸಾಗಿಸಬೇಕೋ? ಊರು ಯಾವುದೆಂಬುದು ಎರಡನೆಯ ಪ್ರಶ್ನೆ. ಏನು ಮಾಡುತ್ತೇವೆಂಬುದನ್ನು ಮೊದಲೇ ಬರೆದುಕೊಡುವವರು ಯಾರು ಎಂಬುದೇ ಮೊದಲನೆಯದು.

ಈ ಮಾತನ್ನು ನಾವು ಅನುಭವದಿಂದಲೇ ಹೇಳುತ್ತಿದ್ದೇವೆ. ನಮ್ಮ ಮನೆಯಲ್ಲಿದ್ದ ಎಚ್‌.ಎಂ.ಟಿ. ಪೈಲಟ್ ಗಡಿಯಾರವನ್ನು ಕೆಲವು ವರ್ಷಗಳ ಹಿಂದೆ ಒಂದು ಅಂಗಡಿಗೆ ಕೊಟ್ಟಿದ್ದೆವು. ರಸೀತಿ ಕೇಳಲಿಲ್ಲ. ಹದಿನೈದು ದಿನಗಳ ಬಳಿಕ ಅದು ಓಡುತ್ತಲೇ ಮರಳಿತು. ಆದರೆ ಹಿರಿಯರು ಮೂವತ್ತು ವರ್ಷ ನೋಡಿದ ಕಪ್ಪು ಡಯಲ್ ಅದರಲ್ಲಿ ಇರಲಿಲ್ಲ. ಹೊಸ ಬಣ್ಣ ಬಳಿದ ಮತ್ತೊಂದು ಡಯಲ್ ಇತ್ತು. ಹಳೆಯದನ್ನು ಎಸೆದಾಗಿತ್ತು. ಅಂಗಡಿಯವರು ಅದನ್ನು ಉಪಕಾರವೆಂದೇ ಭಾವಿಸಿದ್ದರು. ಬೇಡವೆಂದು ನಾವು ಮೊದಲೇ ಹೇಳಿರಲಿಲ್ಲ.

ಮೊದಲು ಗಡಿಯಾರವನ್ನು ಗುರುತಿಸಿರಿ

ಸೆಲ್ಲಿನಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರಗಳ ಮಾತು ಬೇರೆ. ಅವುಗಳಲ್ಲಿ ಬಹುಪಾಲು ತೊಂದರೆಗಳು ಸೆಲ್ ಬದಲಾಯಿಸಿದರೆ ತೀರುತ್ತವೆ. ಇಲ್ಲಿ ನಾವು ಹೇಳುವುದು ಸ್ಪ್ರಿಂಗಿನ ಬಲದಿಂದ ನಡೆಯುವ ಯಾಂತ್ರಿಕ ಗಡಿಯಾರಗಳ ವಿಷಯ. ಇವುಗಳಲ್ಲಿ ಎರಡು ಬಗೆ: ದಿನವೂ ಕೈಯಿಂದ ಕೀ ಕೊಡುವಂಥವು ಮತ್ತು ಕೈಯ ಚಲನೆಯಿಂದಲೇ ಸ್ಪ್ರಿಂಗ್ ಸುತ್ತಿಕೊಳ್ಳುವ ಆಟೋಮ್ಯಾಟಿಕ್‌ಗಳು. ಎಚ್‌.ಎಂ.ಟಿ.ಯ ಜನತಾ ಮತ್ತು ಪೈಲಟ್ ಮೊದಲ ಬಗೆಯವು, ಕಾಂಚನ್ ಎರಡನೆಯದು.

ಕನ್ನಡಿಗರ ಮನೆಗಳಲ್ಲಿ ಎಚ್‌.ಎಂ.ಟಿ.ಗೆ ವಿಶೇಷ ಸ್ಥಾನವಿದೆ. 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ ಅಲ್ಲಿಯೇ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಮುಂದೆ ತುಮಕೂರಿನಲ್ಲಿಯೂ ಕಾರ್ಖಾನೆ ನಡೆಯಿತು. 2016ರ ಜನವರಿಯಲ್ಲಿ ಎಚ್‌.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟವು ಒಪ್ಪಿಗೆ ನೀಡಿತು. ಇದರಿಂದ ಗಡಿಯಾರವುಳ್ಳವರ ಮೇಲಾದ ಪರಿಣಾಮ ನೇರವಾದುದು. ದುರಸ್ತಿಗಾರರು ಹಳೆಯ ದಾಸ್ತಾನಿನಿಂದ ಅಥವಾ ಮತ್ತೊಂದು ಹಳೆಯ ಗಡಿಯಾರದಿಂದ ಬಿಡಿಭಾಗಗಳನ್ನು ತೆಗೆಯಬೇಕಾಗುತ್ತದೆ. ಆದುದರಿಂದ ಮೂಲದ ಡಯಲ್, ಮುಳ್ಳು, ಕೀ ಇವುಗಳಲ್ಲಿ ಯಾವುದನ್ನು ಕಳೆದುಕೊಂಡರೂ ಮತ್ತೆ ದೊರೆಯುವುದು ಕಷ್ಟ.

ಸರ್ವೀಸ್ ಏಕೆ ಬೇಕು?

ಹಳೆಯ ಎಚ್‌.ಎಂ.ಟಿ. ಜನತಾ ಗಡಿಯಾರದ ಬ್ಯಾಲೆನ್ಸ್ ಚಕ್ರವು ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ 5 ಬಾರಿ ಅತ್ತಿಂದಿತ್ತ ತೂಗುತ್ತದೆ. ಮಕ್ಕಳು ಲೆಕ್ಕ ಹಾಕಿ ನೋಡಲಿ: ದಿನಕ್ಕೆ 4,32,000 ಬಾರಿ, ವರ್ಷಕ್ಕೆ 15 ಕೋಟಿಗೂ ಮಿಗಿಲು. ಇಷ್ಟು ಚಲನೆಯನ್ನು ತಾಳುವಂತೆ ಅಚ್ಚಿನ ತುದಿಗಳು ಕೃತಕ ಮಾಣಿಕ್ಯದ ಹರಳುಗಳಲ್ಲಿ ಕುಳಿತಿರುತ್ತವೆ. ಗಡಿಯಾರದ ಮೇಲೆ 17 ಜುವೆಲ್ಸ್ ಎಂದು ಬರೆದಿರುವುದು ಈ ಹರಳುಗಳನ್ನು ಕುರಿತೇ. ಹರಳಿನ ಕುಳಿಯಲ್ಲಿರುವ ಎಣ್ಣೆಯ ಹನಿ ವರ್ಷಗಳು ಕಳೆದಂತೆ ಒಣಗುತ್ತದೆ ಅಥವಾ ಅಂಟಾಗುತ್ತದೆ. ಆಗಲೂ ಗಡಿಯಾರವು ನಡೆಯುತ್ತಲೇ ಇರಬಹುದು. ಆದರೆ ಒಳಗೆ ಲೋಹವು ಸವೆಯುತ್ತಿರುತ್ತದೆ.

ಪೂರ್ಣ ಸರ್ವೀಸ್ ಎಂದರೆ ಯಂತ್ರವನ್ನು ಸಂಪೂರ್ಣವಾಗಿ ಬಿಚ್ಚಿ, ಪ್ರತಿಯೊಂದು ಭಾಗವನ್ನೂ ತೊಳೆದು, ಸವೆದುದನ್ನು ಬದಲಾಯಿಸಿ, ಮತ್ತೆ ಜೋಡಿಸಿ, ಸ್ಥಳಕ್ಕೆ ತಕ್ಕ ಎಣ್ಣೆ ಹಾಕಿ, ನಡಿಗೆಯನ್ನು ಪರೀಕ್ಷಿಸುವುದು. ಹಿಂದಿನ ಮುಚ್ಚಳ ತೆರೆದು ಒಂದು ಹನಿ ಎಣ್ಣೆ ಬಿಡುವುದು ಸರ್ವೀಸ್ ಅಲ್ಲ. ಅದು ಹಳೆಯ ಕೊಳೆಗೆ ಹೊಸ ಎಣ್ಣೆ ಬೆರೆಸಿದಂತೆ. ಎಷ್ಟು ವರ್ಷಕ್ಕೊಮ್ಮೆ ಎಂಬುದಕ್ಕೆ ಕಂಪನಿಗಳ ಸೂಚನೆಗಳು ಬೇರೆ ಬೇರೆ. ರೋಲೆಕ್ಸ್ ಸುಮಾರು 10 ವರ್ಷ ಎನ್ನುತ್ತದೆ. ಒಮೇಗಾ 5ರಿಂದ 8 ವರ್ಷ ಎನ್ನುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಶತ್ರುವಿದೆ: ತೇವ. ಗೂಡಲೂರಿನ ಮಳೆಗಾಲವೂ, ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಉದಕಮಂಡಲದ ಮಂಜೂ ಗಾಜಿನ ಒಳಗೆ ಮಬ್ಬು ಕಟ್ಟಲು ಸಾಕು. ಮಬ್ಬು ಕಂಡರೆ ಬಿಸಿಲಿಗಿಟ್ಟು ಒಣಗಿಸಿ ಸುಮ್ಮನಾಗಬಾರದು. ಒಳಗೆ ನೀರು ಹೋಗಿದೆ ಎಂದೇ ಅದರ ಅರ್ಥ. ತುಕ್ಕು ಹಿಡಿಯಲು ಬಹಳ ದಿನ ಬೇಕಿಲ್ಲ.

ಆದರೆ ಗಡಿಯಾರವು ಇದ್ದಕ್ಕಿದ್ದಂತೆ ದಿನಕ್ಕೆ ಹಲವು ನಿಮಿಷ ಮುಂದೆ ಓಡತೊಡಗಿದರೆ ಪೂರ್ಣ ಸರ್ವೀಸಿಗೆ ಅವಸರ ಪಡಬೇಡಿರಿ. ಸ್ಪೀಕರ್ ಅಥವಾ ಅಯಸ್ಕಾಂತವಿರುವ ಮೊಬೈಲ್ ಕವರಿನ ಬಳಿ ಇಟ್ಟಾಗ ಹೇರ್‌ಸ್ಪ್ರಿಂಗ್ ಕಾಂತತ್ವ ಪಡೆದಿರಬಹುದು. ಅದನ್ನು ತೆಗೆಯುವ ಸಣ್ಣ ಸಾಧನದಿಂದ ಕೆಲವೇ ಕ್ಷಣಗಳಲ್ಲಿ ಕೆಲಸ ಮುಗಿಯುತ್ತದೆ. ಮೊದಲು ಇದನ್ನು ಪರೀಕ್ಷಿಸಲು ಕೇಳಿರಿ.

ಮೂರು ದಾರಿಗಳು

ಒಂದನೆಯದು, ಕಂಪನಿಯ ಅಧಿಕೃತ ಸರ್ವೀಸ್ ಕೇಂದ್ರ. ವಾರಂಟಿ ಅವಧಿಯಲ್ಲಿರುವ ಗಡಿಯಾರಕ್ಕೆ ಇದೊಂದೇ ದಾರಿ. ಹಲವು ಸ್ವಿಸ್ ಕಂಪನಿಗಳು ಬಿಡಿಭಾಗಗಳನ್ನು ಹೊರಗಿನವರಿಗೆ ಸುಲಭವಾಗಿ ಕೊಡುವುದಿಲ್ಲ. ರೋಲೆಕ್ಸ್ ಮತ್ತು ಒಮೇಗಾ ತಮ್ಮ ಪೂರ್ಣ ಸರ್ವೀಸಿಗೆ 2 ವರ್ಷಗಳ ಭರವಸೆ ನೀಡುತ್ತವೆ. ವೆಚ್ಚ ಹೆಚ್ಚು, ಕಾಲವೂ ಹೆಚ್ಚು. ಹಳೆಯ ಡಯಲ್ ಮತ್ತು ಮುಳ್ಳುಗಳನ್ನು ಹೊಸದಕ್ಕೆ ಬದಲಾಯಿಸುವ ಸೂಚನೆ ಇಲ್ಲಿಯೂ ಬರಬಹುದು. ಬೇಡವಾದರೆ ಬೇಡವೆಂದು ಬರೆದು ತಿಳಿಸಬೇಕು.

ಎರಡನೆಯದು, ಅನುಭವಿ ಸ್ವತಂತ್ರ ದುರಸ್ತಿಗಾರರು. ಎಚ್‌.ಎಂ.ಟಿ.ಯಂತಹ ಹಳೆಯ ಗಡಿಯಾರಗಳಿಗೆ ಇವರೇ ಆಸರೆ. ಅಂಗಡಿ ಚಿಕ್ಕದಾಗಿರುವುದು ದೋಷವಲ್ಲ. ಮೇಜು ಶುಚಿಯಾಗಿದೆಯೇ, ಬಿಚ್ಚಿದ ಯಂತ್ರಕ್ಕೆ ಧೂಳು ಬೀಳದಂತೆ ಮುಚ್ಚಿದ್ದಾರೆಯೇ, ಗಡಿಯಾರದ ಬಡಿತವನ್ನು ಆಲಿಸಿ ನಡಿಗೆ ತೋರಿಸುವ ಟೈಮಿಂಗ್ ಯಂತ್ರವಿದೆಯೇ ಎಂಬುದನ್ನು ನೋಡಬೇಕು.

ಮೂರನೆಯದು, ತಾವು ಬಿಚ್ಚದೆ ಬೇರೆ ಊರಿಗೆ ಕಳುಹಿಸುವ ಮಾರಾಟದ ಅಂಗಡಿ. ಇದರಲ್ಲಿ ತಪ್ಪೇನಿಲ್ಲ. ಆದರೆ ನಿಮ್ಮ ಗಡಿಯಾರವು ಯಾರ ಮೇಜಿನ ಮೇಲಿದೆ ಎಂಬುದು ನಿಮಗೆ ತಿಳಿದಿರಬೇಕು.

ಕೊಡುವ ಮುನ್ನ ಕೇಳಬೇಕಾದ ಪ್ರಶ್ನೆಗಳು

• ಇಲ್ಲಿಯೇ ಬಿಚ್ಚುವಿರೋ, ಬೇರೆಡೆಗೆ ಕಳುಹಿಸುವಿರೋ?
• ಯಂತ್ರವನ್ನು ಪೂರ್ತಿ ಬಿಚ್ಚಿ ತೊಳೆಯುವಿರಾ?
• ಯಾವ ಭಾಗವನ್ನಾದರೂ ಬದಲಾಯಿಸುವ ಮುನ್ನ ನಮ್ಮನ್ನು ಕೇಳುವಿರಾ? ತೆಗೆದ ಭಾಗವನ್ನು ಹಿಂದಿರುಗಿಸುವಿರಾ?
• ನಾವು ಹೇಳದೆ ಪಾಲಿಶ್ ಮಾಡುವುದಿಲ್ಲ, ಡಯಲ್‌ಗೆ ಬಣ್ಣ ಬಳಿಯುವುದಿಲ್ಲ ಎಂದು ಬರೆದುಕೊಡುವಿರಾ?
• ನೀರು ತಡೆಯುವ ರಬ್ಬರ್ ಸುತ್ತನ್ನು ಹೊಸದಾಗಿ ಹಾಕಿ ಪರೀಕ್ಷಿಸುವಿರಾ?
• ಒಟ್ಟು ವೆಚ್ಚವೆಷ್ಟು, ಎಷ್ಟು ದಿನ, ಎಷ್ಟು ತಿಂಗಳ ಭರವಸೆ?

ಪಾಲಿಶ್ ಮಾಡಿದರೆ ಲೋಹವು ಸವೆಯುತ್ತದೆ. ಸವೆದ ಅಂಚು ಮರಳಿ ಬರುವುದಿಲ್ಲ. ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವವರೇ ನಂಬಲು ತಕ್ಕವರು.

ಕೊಂಡೊಯ್ಯುವ ಬಗೆ

ಹತ್ತಿರದಲ್ಲಿ ತಕ್ಕವರಿದ್ದರೆ ದೂರ ಹೋಗಬೇಕಿಲ್ಲ. ಹೋಗಲೇಬೇಕಾದರೆ ಒಂದೇ ದಿನದಲ್ಲಿ ಮುಗಿಸಿ ಬರುವ ಆಸೆಯಿಂದ ಅವಸರದಲ್ಲಿ ಕೊಟ್ಟು ಬರಬೇಡಿರಿ. ಮೈಸೂರಿಗೆ ಹೋಗುವವರು ಬಂಡೀಪುರದ ಹಾದಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿರುವುದನ್ನು ನೆನಪಿಡಬೇಕು. ಮಸಿನಗುಡಿಯವರು ಕಲ್ಲಟ್ಟಿಯ 36 ತಿರುವುಗಳನ್ನು ಹತ್ತಿ ಊಟಿಗೆ ಬರುವ ಮುನ್ನ ದೂರವಾಣಿಯಲ್ಲಿಯೇ ಮೇಲಿನ ಪ್ರಶ್ನೆಗಳನ್ನು ಕೇಳಿದರೆ ಒಂದು ದಿನದ ಕೂಲಿ ಉಳಿಯುತ್ತದೆ. ಪಾರ್ಸೆಲಿನಲ್ಲಿ ಕಳುಹಿಸುವುದಾದರೆ ಗಡಿಯಾರದ ಬೆಲೆಗೆ ತಕ್ಕ ವಿಮೆ ಮಾಡಿಸಿರಿ.

ರಸೀತಿ ಮತ್ತು ಹಕ್ಕು

ಗಡಿಯಾರದ ಮುಂಭಾಗ, ಹಿಂಭಾಗ, ಸಂಖ್ಯೆ ಮತ್ತು ಇರುವ ಗೀರುಗಳ ಚಿತ್ರಗಳನ್ನು ಅಂಗಡಿಯವರ ಎದುರಿಗೇ ತೆಗೆದುಕೊಳ್ಳಿರಿ. ರಸೀತಿಯಲ್ಲಿ ಮಾದರಿ, ಸಂಖ್ಯೆ, ಮಾಡುವ ಕೆಲಸ, ದಿನಾಂಕ, ಮೊತ್ತ ಇರಬೇಕು. ರಸೀತಿಯು ತಮಿಳಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಇದ್ದರೆ ಓದಿಸಿ ತಿಳಿದುಕೊಂಡ ಬಳಿಕವೇ ಸಹಿ ಹಾಕಿರಿ. ಮನೆಯ ಮಗುವಿನ ಕೈಯಿಂದ ಅದರ ಸಾರವನ್ನು ಒಂದು ಪುಸ್ತಕದಲ್ಲಿ ಕನ್ನಡದಲ್ಲಿ ಬರೆಸಿಡುವುದು ಒಳ್ಳೆಯ ರೂಢಿ. ಮುಂದಿನ ಸರ್ವೀಸಿನ ಹೊತ್ತಿಗೆ ಅದೇ ಗಡಿಯಾರದ ಜಾತಕವಾಗುತ್ತದೆ.

ಸೇವೆಯಲ್ಲಿ ಕೊರತೆಯಾದರೆ ಮೊದಲು ಅಂಗಡಿಗೆ ಬರವಣಿಗೆಯಲ್ಲಿ ತಿಳಿಸಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಸಲ್ಲಿಸಬಹುದು. ಬೆಂಗಳೂರಿನ ಅಂಗಡಿಯ ಮೇಲಿನ ದೂರಿಗೆ ಬೆಂಗಳೂರಿಗೇ ಅಲೆಯಬೇಕಿಲ್ಲ. ಕಾರಣ ಉಂಟಾದ ದಿನದಿಂದ 2 ವರ್ಷಗಳೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಆದರೆ ಇದಕ್ಕೆಲ್ಲ ಆಧಾರವಾಗುವುದು ಆ ಒಂದು ರಸೀತಿ.

ಮರಳಿ ಪಡೆದಾಗ

ಅಂಗಡಿಯಲ್ಲಿಯೇ ಹಳೆಯ ಚಿತ್ರಗಳೊಡನೆ ಹೋಲಿಸಿ ನೋಡಿರಿ. ಮನೆಯಲ್ಲಿ ಒಂದು ವಾರ ದಿನವೂ ಒಂದೇ ಹೊತ್ತಿಗೆ ಮೊಬೈಲಿನ ಸಮಯದೊಡನೆ ತಾಳೆ ನೋಡಿ ಬರೆದಿಡಿರಿ. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪ್ರಮಾಣಪತ್ರ ಪಡೆಯುವ ಯಂತ್ರಗಳಿಗೇ ಸರಾಸರಿಯಲ್ಲಿ ದಿನಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ ಹೋಗುವ ಅವಕಾಶವಿದೆ. ಐವತ್ತು ವರ್ಷದ ಪೈಲಟ್ ದಿನಕ್ಕೆ ಅರ್ಧ ನಿಮಿಷ ತಪ್ಪಿದರೆ ಅದನ್ನು ದೂರಬೇಕಿಲ್ಲ.

ನಮ್ಮ ಪೈಲಟ್ ಇಂದಿಗೂ ಓಡುತ್ತಿದೆ, ಸಮಯವನ್ನೂ ಸರಿಯಾಗಿಯೇ ತೋರಿಸುತ್ತದೆ. ಆದರೂ ಅದನ್ನು ಕೈಗೆತ್ತಿಕೊಂಡಾಗ ನಮಗೆ ಹಿರಿಯರ ಗಡಿಯಾರವೆನಿಸುವುದಿಲ್ಲ. ಬರೆಸಿಕೊಳ್ಳದೆ ಬಿಟ್ಟ ಒಂದು ಸಾಲಿಗೆ ನಾವು ತೆತ್ತ ಬೆಲೆ ಅದು. ನಮ್ಮ ಓದುಗರ ಮನೆಗಳಲ್ಲಿ ಹಾಗಾಗದಿರಲಿ.